ರೊಟ್ಟಿ ಹುಡುಕೋರು ಬೇರೆ, ರೊಟ್ಟಿ ಕೊಳ್ಳೋರು ಬೇರೆ

"ಏನವಾ, ಸಾವಿರಾರು ಮಂದಿ ಒತ್ತ್ಯಾರ ಅಂತಿ. ಹಂಗಾರ ಒಂದರ ಫೋನ್ ಯಾಕ ಬರವಲ್ದು?"

ಚಿಗವ್ವ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಜಿನಿಯರಿಂಗ್ ಓದಿ, ಎಂಟು ವರ್ಷದಿಂದ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುತ್ತಿರುವ ನಾನು ಅವತ್ತು ಅವಳ ಅಡುಗೆಮನೆಯ ಕಟ್ಟೆ ಮೇಲೆ ಕೂತು ಮೊಬೈಲ್ ಪರದೆ ನೋಡುತ್ತ ಸುಮ್ಮನಿದ್ದೆ. ಪರದೆಯಲ್ಲಿ ಎಲ್ಲವೂ ಚೆಂದ ಕಾಣುತ್ತಿತ್ತು. 20 ದಿನಕ್ಕೆ 1,600 ಕ್ಲಿಕ್. ಖರ್ಚು 10,000 ರೂಪಾಯಿ. ಮೇಲೇರುತ್ತಿರುವ ನೀಲಿ ಗೆರೆ. ಆದರೆ ಚಿಗವ್ವನ ವಹಿಯಲ್ಲಿ ಇಂಟರ್ನೆಟ್ ನೋಡಿ ಬಂದ ಆರ್ಡರ್ ಅಂತ ಬರೆದಿದ್ದು ಬರೀ ಒಂಬತ್ತು.

ಕಥೆ ಮೊದಲಿನಿಂದ ಹೇಳುತ್ತೇನೆ. ನನ್ನ ಚಿಗವ್ವ ಧಾರವಾಡದಲ್ಲಿ ಜೋಳದ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುತ್ತಾಳೆ. ಅವಳ ಜೊತೆ ಓಣಿಯ ಇನ್ನೂ ಐದು ಮಂದಿ ಹೆಣ್ಣುಮಕ್ಕಳು. ಬೆಳಗ್ಗೆ ಐದಕ್ಕೆ ಹಂಚು ಕಾಯಿತೆಂದರೆ ಹನ್ನೊಂದರ ತನಕ ಟಪಟಪ ಅಂತ ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳುತ್ತದೆ. ಮದುವೆ, ಕುಬಸ, ಮನೆ ಶಾಂತಿ ಇದ್ದಾಗ ಕೈತುಂಬ ಕೆಲಸ. ಆಷಾಢ ಬಂದರೆ ಒಲೆ ತಣ್ಣಗೆ. ಆ ಖಾಲಿ ದಿನಗಳಿಗೆ ಬೆಂಗಳೂರಿನ ಗಿರಾಕಿ ಸಿಕ್ಕರೆ ಹೇಗೆ ಅಂತ ಯೋಚನೆ ಹಾಕಿದ್ದು ನಾನೇ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಪಾರ್ಸೆಲ್ ಮಾಡಬಹುದು. ಎರಡು ಭಾನುವಾರ ಕೂತು ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಟ್ಟೆ. "ಗೂಗಲ್‌ನಾಗ ಒಂದು ಜಾಹೀರಾತು ಕೊಟ್ಟರ ಆತು ಚಿಗವ್ವಾ, ಆರ್ಡರ್ ತಾನ ಬರತಾವ" ಅಂದೆ. ಆ ಆರು ಮಂದಿ ಸಂಘದ ಉಳಿತಾಯದಿಂದ 10,000 ರೂಪಾಯಿ ತೆಗೆದುಕೊಟ್ಟರು.

ಒಂದು ರೊಟ್ಟಿ ಬಡಿದರೆ ಅವರ ಕೈಗೆ ಬೀಳುವುದು 3 ರೂಪಾಯಿ. ಅಂದರೆ ನಾನು ಪರದೆ ಮೇಲೆ ನೋಡುತ್ತಿದ್ದ ಆ ಚೆಂದದ ಗೆರೆ ಮೂರು ಸಾವಿರದ ಮುನ್ನೂರು ರೊಟ್ಟಿ ಬಡಿದ ಕೂಲಿ. ಅದನ್ನು ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಲೇಖನ ಬರೆಯುತ್ತಿರುವುದು ಅದಕ್ಕೇ. ಮನೆಯಲ್ಲೇ ಉಪ್ಪಿನಕಾಯಿ, ಕಸೂತಿ, ಟ್ಯೂಷನ್, ಹೊಲಿಗೆ ಅಂತ ಏನಾದರೂ ಮಾಡುವವರು ಈಗ ಬಹಳ ಮಂದಿ ಇದ್ದೀರಿ. ನಿಮಗೂ ನನ್ನಂಥ ಒಬ್ಬ ಎಂಜಿನಿಯರ್ ಮಗಳೋ ಅಳಿಯನೋ ಇದ್ದೇ ಇರುತ್ತಾರೆ. ಅವರು "ಜಾಹೀರಾತು ಕೊಟ್ಟರ ಆತು" ಅನ್ನುವ ಮೊದಲು ಇದನ್ನು ಓದಿ, ಅವರಿಗೂ ಓದಿಸಿ.

ಕ್ಲಿಕ್ಕಿಗೊಂದು ಬೆಲೆ

ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ಮೇಲೆ ಒಂದೆರಡು ಫಲಿತಾಂಶಗಳ ಪಕ್ಕ 'ಪ್ರಾಯೋಜಿತ' ಅಂತ ಸಣ್ಣಗೆ ಬರೆದಿರುತ್ತದೆ, ನೋಡಿರುತ್ತೀರಿ. ಅದು ದುಡ್ಡು ಕೊಟ್ಟು ಹಾಕಿಸಿದ ಜಾಗ. ಪೇಪರಿನ ಜಾಹೀರಾತಿಗೆ ಅಚ್ಚಾದ ಕೂಡಲೇ ದುಡ್ಡು. ಇಲ್ಲಿ ಹಾಗಲ್ಲ, ಯಾರಾದರೂ ಅದರ ಮೇಲೆ ಒತ್ತಿದರೆ ಮಾತ್ರ ದುಡ್ಡು. ಬರೀ ನೋಡಿ ಮುಂದೆ ಹೋದರೆ ಖರ್ಚಿಲ್ಲ.

ಈ ಪದ್ಧತಿಯನ್ನು 1998ರಲ್ಲಿ ಅಮೆರಿಕದ ಬಿಲ್ ಗ್ರಾಸ್ ಎಂಬುವವರ 'ಗೋಟು ಡಾಟ್ ಕಾಮ್' ಶುರು ಮಾಡಿತು. ಗೂಗಲ್ ತನ್ನ 'ಆ್ಯಡ್‌ವರ್ಡ್ಸ್' ತೆರೆದದ್ದು 2000ದ ಅಕ್ಟೋಬರಿನಲ್ಲಿ. ಕ್ಲಿಕ್ಕಿಗಿಷ್ಟು ಅನ್ನುವ ಹರಾಜು ಅದರಲ್ಲಿ ಬಂದದ್ದು 2002ರಲ್ಲಿ. 2018ರಿಂದ ಅದರ ಹೆಸರು 'ಗೂಗಲ್ ಆ್ಯಡ್ಸ್'.

ಹರಾಜು ಅಂದೆನಲ್ಲ, ನಮ್ಮ ಕಡೆ ಜಾತ್ರೆಯಲ್ಲಿ ದೇವರ ತೆಂಗಿನಕಾಯಿ ಸವಾಲು ಮಾಡುವುದನ್ನು ನೆನಪಿಸಿಕೊಳ್ಳಿ. ಯಾರಾದರೂ 'ಜೋಳದ ರೊಟ್ಟಿ' ಅಂತ ಹುಡುಕಿದ ಕ್ಷಣದಲ್ಲಿ, ಆ ಮಾತಿಗೆ ಜಾಹೀರಾತು ಕೊಟ್ಟವರ ನಡುವೆ ಒಂದು ಸವಾಲು ನಡೆದು ಮುಗಿಯುತ್ತದೆ. ಆದರೆ ಜಾತ್ರೆಯಲ್ಲಿ ಹೆಚ್ಚು ಕೂಗಿದವನಿಗೆ ಕಾಯಿ. ಇಲ್ಲಿ ಬೆಲೆಯ ಜೊತೆ ಇನ್ನೊಂದಿಷ್ಟು ನೋಡುತ್ತಾರೆ: ನಿಮ್ಮ ಜಾಹೀರಾತನ್ನು ಜನ ಒತ್ತುವ ಸಾಧ್ಯತೆ ಎಷ್ಟು, ಹುಡುಕಿದ ಮಾತಿಗೂ ನಿಮ್ಮ ಜಾಹೀರಾತಿಗೂ ಹೊಂದಿಕೆ ಇದೆಯೇ, ಒತ್ತಿದ ಮೇಲೆ ತೆರೆಯುವ ಪುಟ ಉಪಯೋಗಕ್ಕೆ ಬರುವಂಥದ್ದೇ. ಈ ಮೂರನ್ನೂ ಸೇರಿಸಿ ನಿಮ್ಮ ಪ್ರತಿ ಕೀವರ್ಡಿಗೂ 1ರಿಂದ 10ರ ತನಕ ಒಂದು ಅಂಕ ತೋರಿಸುತ್ತಾರೆ, ಅದಕ್ಕೆ 'ಕ್ವಾಲಿಟಿ ಸ್ಕೋರ್' ಅಂತ ಹೆಸರು. ಹೊಂದಿಕೆ ಚೆನ್ನಾಗಿದ್ದರೆ ಕಡಿಮೆ ಬೆಲೆ ಕೂಗಿದವರೂ ದೊಡ್ಡ ಕಂಪನಿಗಿಂತ ಮೇಲೆ ಕೂಡಬಹುದು. ನೀವು ಹೇಳಿದ ಗರಿಷ್ಠ ಬೆಲೆ ಪೂರ್ತಿ ಹೋಗುವುದೂ ಇಲ್ಲ, ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ ತಗಲುತ್ತದೆ.

ಅಂದರೆ ಈ ಸವಾಲು ನಡೆಯುವುದು ಮಾತಿನ ಮೇಲೆ. ಯಾವ ಮಾತಿಗೆ ನಾವು ಕೈ ಎತ್ತಬೇಕು ಅಂತ ಹೇಳಿಕೊಡುವುದೇ ಕೀವರ್ಡ್. ನಾನು ಎಡವಿದ್ದು ಅಲ್ಲೇ.

ನಾನು ಕೊಂಡಿದ್ದು ಯಾರನ್ನ?

ನಾನು ಹಾಕಿದ್ದ ಕೀವರ್ಡ್‌ಗಳು ನಾಲ್ಕು: ರೋಟಿ, ಜೋವಾರ್ ರೋಟಿ, ಜೋಳದ ರೊಟ್ಟಿ, ಚಟ್ನಿ ಪೌಡರ್. ಅರ್ಧ ತಾಸಿನ ಕೆಲಸ. ಎಲ್ಲವೂ 'ಬ್ರಾಡ್ ಮ್ಯಾಚ್'. ನೀವು ಬೇರೆ ಏನೂ ಹೇಳದಿದ್ದರೆ ಗೂಗಲ್ ಹಿಡಿಯುವುದು ಇದನ್ನೇ. ಇದರ ಅರ್ಥ, ಆ ಮಾತಿಗೆ ಸಂಬಂಧ ಇದೆ ಅಂತ ಯಂತ್ರಕ್ಕೆ ಅನಿಸಿದ ಯಾವ ಹುಡುಕಾಟಕ್ಕಾದರೂ ನಮ್ಮ ಜಾಹೀರಾತು ತೋರಿಸಬಹುದು ಅಂತ.

ಜಾಹೀರಾತು ನಿಲ್ಲಿಸಿ, ಲ್ಯಾಪ್‌ಟಾಪಿನಲ್ಲಿ 'ಸರ್ಚ್ ಟರ್ಮ್ಸ್' ಅನ್ನುವ ವರದಿ ತೆರೆದೆ. ನಾವು ಹಾಕಿದ್ದು ಕೀವರ್ಡ್, ಜನ ನಿಜವಾಗಿ ಬೆರಳಾಡಿಸಿದ್ದು ಸರ್ಚ್ ಟರ್ಮ್. ಈ ಎರಡರ ನಡುವಿನ ವ್ಯತ್ಯಾಸ ನನಗೆ ಗೊತ್ತಿತ್ತು, ಪುಸ್ತಕದ ಮಟ್ಟಿಗೆ. ಪಟ್ಟಿ ನೋಡಿದ ಮೇಲೆ ಹೊಟ್ಟೆಯೊಳಗೆ ತಣ್ಣಗಾಯಿತು.

ಜೋವಾರ್ ರೋಟಿ ಮಾಡುವುದು ಹೇಗೆ. ರೋಟಿ ಮೇಕರ್ ಮಷೀನ್ ಬೆಲೆ. ಒಂದು ರೋಟಿಯಲ್ಲಿ ಎಷ್ಟು ಕ್ಯಾಲರಿ. ತಂದೂರಿ ರೋಟಿ. ರೊಟ್ಟಿ ಹರಿಯದಂತೆ ಬಡಿಯುವುದು ಹೇಗೆ. ಜೋಳದ ರೊಟ್ಟಿ ಊಟ ನಿಯರ್ ಮಿ. ಇಡ್ಲಿ ಚಟ್ನಿ ರೆಸಿಪಿ. ರೋಟಿ ಫೋಟೊ.

ಇವರಲ್ಲಿ ಯಾರೂ ಕೆಟ್ಟವರಲ್ಲ. ಒಬ್ಬಳು ಹೊಸ ಸೊಸೆ ಇರಬಹುದು, ರೊಟ್ಟಿ ಬಡಿಯಲು ಕಲಿಯುತ್ತಿದ್ದಾಳೆ. ಒಬ್ಬ ಬೆಂಗಳೂರಿನ ಪಿಜಿಯಲ್ಲಿದ್ದಾನೆ, ಈಗಲೇ ಬಿಸಿ ರೊಟ್ಟಿ, ಎಣ್ಣೆಗಾಯಿ ಬೇಕು, ಖಾನಾವಳಿ ಹುಡುಕುತ್ತಿದ್ದಾನೆ. ಒಬ್ಬರು ತೂಕ ಇಳಿಸುತ್ತಿದ್ದಾರೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ ಜೋಳದ ಬಗ್ಗೆ ತಿಳಿದುಕೊಳ್ಳುವ ಆಸಕ್ತಿ ಇರುವವರಿಗೂ ಕೊರತೆ ಇಲ್ಲ. ಅವರೆಲ್ಲ ಕುತೂಹಲಕ್ಕೆ ನಮ್ಮ ಜಾಹೀರಾತು ಒತ್ತಿದರು, ತಮಗೆ ಬೇಕಾದ್ದು ಇಲ್ಲ ಅಂತ ನೋಡಿ ವಾಪಸ್ ಹೋದರು. ಒಬ್ಬೊಬ್ಬರು ಹೋಗುವಾಗಲೂ ಸಂಘದ ಡಬ್ಬಿಯಿಂದ ಆರೂಕಾಲು ರೂಪಾಯಿ ಹೋಯಿತು.

ಇನ್ನೊಂದು ತಪ್ಪೂ ಅಲ್ಲೇ ಇತ್ತು. ಜಾಹೀರಾತು ಶುರು ಮಾಡುವಾಗ ಗುರಿ ಏನು ಅಂತ ಕೇಳಿದ್ದಕ್ಕೆ 'ಹೆಚ್ಚು ಕ್ಲಿಕ್' ಅಂತ ಆರಿಸಿದ್ದೆ. ಯಂತ್ರ ನಿಯತ್ತಿನಿಂದ ಅದನ್ನೇ ಮಾಡಿತು, ಎಲ್ಲಿ ಅಗ್ಗವೋ ಅಲ್ಲಿಂದ ರಾಶಿ ಕ್ಲಿಕ್ ತಂದು ಸುರಿಯಿತು. ನಾನು ಕೇಳಿದ್ದು ಕ್ಲಿಕ್. ಚಿಗವ್ವನಿಗೆ ಬೇಕಿದ್ದದ್ದು ಗಿರಾಕಿ.

ಚಿಗವ್ವನ ವಹಿ

ಮುಂದಿನ ಭಾನುವಾರ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆ. ತಪ್ಪು ಒಪ್ಪಿಕೊಳ್ಳಬೇಕಿತ್ತು. ಚಿಗವ್ವ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ವರದಿಯನ್ನು ಓದಿ ಹೇಳು ಅಂದಳು. ನಾನು ಒಂದೊಂದೇ ಓದುತ್ತ ಹೋದೆ, ಅವಳು ಹಿಟ್ಟು ನಾದುತ್ತಲೇ ತೀರ್ಪು ಕೊಡುತ್ತ ಹೋದಳು.

"'ಜೋವಾರ್ ರೋಟಿ ಮಾಡುವುದು ಹೇಗೆ.'"

"ಮಾಡಾಕ ಕಲಿಯಾಕಿ ನಮ್ಮ ಕಡೆ ಯಾಕ ತಗೋತಾಳ? ಬ್ಯಾಡ."

"'ಖಡಕ್ ರೊಟ್ಟಿ ರೇಟ್.'"

"ಹಾಂ, ಇಕಿ ಗಿರಾಕಿ. ರೇಟ್ ಕೇಳಾಕಿ ತಗೊಳ್ಳಾಕ ಬಂದಾಕಿ."

"'ರೊಟ್ಟಿ ಸಕ್ಕರೆ ಕಾಯಿಲೆಗೆ ಒಳ್ಳೆಯದೇ.'"

ಇಲ್ಲಿ ನಾನು ಆಸೆಪಟ್ಟೆ. ಆ ಮಾತಿಗೆ ಹುಡುಕುವವರು ಬಹಳ, ಅದಕ್ಕೆ ತಕ್ಕ ಹಾಗೆ ಜಾಹೀರಾತು ಬರೆದರೆ ಕೊಳ್ಳಲೂಬಹುದು ಅಂದೆ. ಚಿಗವ್ವ ಹಿಟ್ಟಿನ ಕೈ ಎತ್ತಿ ತಡೆದಳು. "ನಾ ಡಾಕ್ಟರ್ ಅಲ್ಲಬೇ. ರೊಟ್ಟಿ ಮಾರಾಕಿ. ಬ್ಯಾಡ ಅದು." ಬಿಟ್ಟೆವು.

ಒಂದು ತಾಸಿನಲ್ಲಿ ಪಟ್ಟಿ ಮೂರು ಪಾಲಾಯಿತು: ಕೊಳ್ಳಲು ಬಂದವರು, ತಿಳಿಯಲು ಬಂದವರು, ದಾರಿ ತಪ್ಪಿ ಬಂದವರು. ದುಡ್ಡಿನ ಬಹುಪಾಲು ಹೋಗಿದ್ದು ಕೊನೆಯ ಎರಡು ಪಾಲಿಗೆ. (ಒಂದು ಮಾತು: ಈ ವರದಿಯಲ್ಲಿ ಎಲ್ಲ ಹುಡುಕಾಟವೂ ಕಾಣುವುದಿಲ್ಲ, ತೀರಾ ಕಡಿಮೆ ಜನ ಹುಡುಕಿದ್ದನ್ನು ಗೂಗಲ್ ತೋರಿಸುವುದಿಲ್ಲ. ಆದರೆ ಕಂಡಷ್ಟೇ ಕಣ್ಣು ತೆರೆಸಲು ಸಾಕು.)

ಆಮೇಲೆ ಚಿಗವ್ವ ತನ್ನ ವಹಿ ತಂದಳು. ಫೋನಿನಲ್ಲಿ ಬಂದ ಆರ್ಡರನ್ನು ಗಿರಾಕಿ ಹೇಳಿದ ಮಾತಿನಲ್ಲೇ ಬರೆದುಕೊಳ್ಳುವ ರೂಢಿ ಅವಳದು. ಅದನ್ನು ತಿರುವಿ ಹಾಕುತ್ತಿದ್ದಂತೆ ನನಗೆ ಹೊಳೆಯಿತು, ಬೇಕಾದ ಕೀವರ್ಡ್ ಎಲ್ಲ ಇಲ್ಲೇ ಇವೆ!

ನಾವು 'ಖಡಕ್ ರೊಟ್ಟಿ' ಅನ್ನುತ್ತೇವೆ. ಬೆಂಗಳೂರಿನವರು 'ಒಣ ರೊಟ್ಟಿ', 'ಗಟ್ಟಿ ರೊಟ್ಟಿ', 'ನಾರ್ತ್ ಕರ್ನಾಟಕ ರೊಟ್ಟಿ' ಅಂದಿದ್ದರು. ಮರಾಠಿ ಮನೆಯವರಿಗೆ ಅದು 'ಭಾಕರಿ'. ನಮ್ಮ ಗುರೆಳ್ಳು ಚಟ್ನಿ ಮೈಸೂರು ಕಡೆಯವರ ಬಾಯಲ್ಲಿ 'ಹುಚ್ಚೆಳ್ಳು ಚಟ್ನಿಪುಡಿ'. ನಮ್ಮ ಶೇಂಗಾ ಅವರ ಕಡಲೆಕಾಯಿ. ನಮ್ಮ ಅಗಸಿ ಐಟಿ ಮಂದಿಗೆ 'ಫ್ಲ್ಯಾಕ್ಸ್ ಸೀಡ್ಸ್'. ನನ್ನ ವೆಬ್‌ಸೈಟಿನಲ್ಲಿ ಇದ್ದದ್ದು 'ಗುರೆಳ್ಳು' ಒಂದೇ. ಹುಚ್ಚೆಳ್ಳು ಹುಡುಕುವ ಮೈಸೂರಿನ ಅಜ್ಜಿಗೆ ನಾವು ಇದ್ದೂ ಇಲ್ಲ.

ಊರ ಹೆಸರೂ ಹಾಗೇ. 2014ರ ನವೆಂಬರ್ 1ರಿಂದ ನಮ್ಮೂರು ಇಂಗ್ಲಿಷಿನಲ್ಲೂ ಹುಬ್ಬಳ್ಳಿಯೇ, ಆದರೆ ಬೆರಳಿಗೆ ಹಳೇ ರೂಢಿ ಹೋಗಿಲ್ಲ, 'ಹುಬ್ಲಿ' ಅಂತಲೇ ಒತ್ತುವವರು ಇನ್ನೂ ಇದ್ದಾರೆ. ಬೆಳಗಾವಿ-ಬೆಲ್‌ಗಾಮ್, ವಿಜಯಪುರ-ಬಿಜಾಪುರ ಕತೆಯೂ ಅಷ್ಟೇ. ಅಭಿಮಾನ ಒಂದು ಕಡೆ ಇರಲಿ, ಕೀವರ್ಡ್ ಪಟ್ಟಿಯಲ್ಲಿ ಎರಡನ್ನೂ ಹಾಕಿದೆ. ಗಿರಾಕಿ ಯಾವ ಮಾತಿನಲ್ಲಿ ಕರೆದರೂ ಓಗೊಡಬೇಕು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುವವರಿಗೆ 'ರೊಟ್ಟಿ', 'ರೋಟಿ', 'ರೊಟ್ಟಿ'ಯ ಒಂದೇ 'ಟಿ' ಇರುವ ಬರಹ, ಹೀಗೆ ಮೂರು ನಾಲ್ಕು ಬಗೆ. ಕನ್ನಡ ಲಿಪಿಯಲ್ಲೇ ಹುಡುಕುವವರಿಗೆ ಬೇರೆ ಒಂದಿಷ್ಟು. ಅವರ ಸಂಖ್ಯೆ ಕಡಿಮೆ ಇತ್ತು, ಆದರೆ ಬಂದವರು ಮಾತಾಡಿ ಆರ್ಡರ್ ಕೊಟ್ಟೇ ಹೋದರು.

ಬೇಡದವರಿಗೆ ಮೊದಲೇ ಹೇಳಿಬಿಡುವುದು

ಪಟ್ಟಿ ಸಿಕ್ಕ ಮೇಲೆ ಮೂರು ಕೆಲಸ ಮಾಡಿದೆವು.

ಮೊದಲನೆಯದು, ಕೀವರ್ಡಿನ ಬಿಗಿ. ಬ್ರಾಡ್ ಮ್ಯಾಚ್ ಬಿಟ್ಟು, ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅದು 'ಫ್ರೇಸ್ ಮ್ಯಾಚ್', ಆ ಮಾತಿನ ಅರ್ಥ ಒಳಗೊಂಡ ಹುಡುಕಾಟಗಳಿಗೆ ಮಾತ್ರ. ಚೌಕ ಕಂಸದೊಳಗೆ ಇಟ್ಟರೆ 'ಎಕ್ಸಾಕ್ಟ್ ಮ್ಯಾಚ್', ಅದೇ ಮಾತು ಅಥವಾ ಅದೇ ಅರ್ಥದ ಮಾತು ಮಾತ್ರ. 'ರೋಟಿ' ಅನ್ನುವ ಒಂಟಿ ಪದವನ್ನು ಕಿತ್ತು ಹಾಕಿದೆವು. ಒಂದೇ ಪದ ಹುಡುಕುವವರ ಮನಸ್ಸಿನಲ್ಲಿ ಏನಿದೆ ಅಂತ ದೇವರಿಗೇ ಗೊತ್ತು. 'ಖಡಕ್ ರೊಟ್ಟಿ ಆನ್‌ಲೈನ್', 'ಜೋಳದ ರೊಟ್ಟಿ ಆರ್ಡರ್', 'ಜೋವಾರ್ ರೋಟಿ ಹೋಮ್ ಡೆಲಿವರಿ ಬೆಂಗಳೂರು' ಇಂಥ ಉದ್ದ ಮಾತಿನಲ್ಲಿ ಬೇಡಿಕೆ ಸ್ಪಷ್ಟ ಇರುತ್ತದೆ.

ಎರಡನೆಯದು, 'ನೆಗೆಟಿವ್ ಕೀವರ್ಡ್'. ಈ ಮಾತು ಇದ್ದರೆ ನಮ್ಮ ಜಾಹೀರಾತು ತೋರಿಸಬೇಡಿ ಅಂತ ಹೇಳುವ ಪಟ್ಟಿ. ರೆಸಿಪಿ, ಮಾಡುವ ವಿಧಾನ, ಕ್ಯಾಲರಿ, ಮಷೀನ್, ಮೇಕರ್, ಫೋಟೊ, ವಿಡಿಯೊ, ಕೆಲಸ, ತಂದೂರಿ, ಇಡ್ಲಿ, ಖಾನಾವಳಿ, ಹೋಟೆಲ್. ಇಲ್ಲೊಂದು ಎಚ್ಚರ: ನೆಗೆಟಿವ್ ಪಟ್ಟಿ ಸಮಾನಾರ್ಥ ಪದಗಳನ್ನು ತಾನಾಗಿ ಹಿಡಿಯುವುದಿಲ್ಲ. 'ಮಷೀನ್' ಹಾಕಿದರೆ 'ಯಂತ್ರ' ನಿಲ್ಲುವುದಿಲ್ಲ. ಏಕವಚನ, ಬಹುವಚನ ಎರಡನ್ನೂ ಬರೆಯಬೇಕು. ಹಾಗಂತ ಸಿಕ್ಕಿದ್ದನ್ನೆಲ್ಲ ತುಂಬಬಾರದು. 'ಬೆಲೆ', 'ರೇಟ್' ತೆಗೆಯಲು ನಾನು ಹೊರಟಿದ್ದೆ, ದುಡ್ಡು ನೋಡಿ ಓಡುವವರು ಅಂತ. ಚಿಗವ್ವ ತಡೆದಿದ್ದರಿಂದ ಉಳಿಯಿತು. ಆಮೇಲೆ ನಮಗೆ ಬಂದ ಒಳ್ಳೆಯ ಆರ್ಡರ್‌ಗಳಲ್ಲಿ ಬಹಳಷ್ಟು ಆ ಮಾತಿನಿಂದಲೇ.

ಮೂರನೆಯದು, ಊರು. ಮೊದಲ ಸಲ ಇಡೀ ಭಾರತ ಅಂತ ಬಿಟ್ಟಿದ್ದೆ. ಪಾರ್ಸೆಲ್ ಖರ್ಚೇ ರೊಟ್ಟಿಗಿಂತ ಹೆಚ್ಚಾಗುವ ಊರಿನವರೂ ಒತ್ತಿದ್ದರು. ಈಗ ಎರಡು ಗುಂಪು ಮಾಡಿದೆವು. ಬೆಂಗಳೂರು, ಮೈಸೂರಿಗೆ ಖಡಕ್ ರೊಟ್ಟಿ, ಚಟ್ನಿಪುಡಿ. ಹುಬ್ಬಳ್ಳಿ-ಧಾರವಾಡಕ್ಕೆ ಅಂದಂದೇ ಮಾಡಿದ ಮೆತ್ತನೆ ರೊಟ್ಟಿ. ಎರಡಕ್ಕೂ ಬೇರೆ ಕೀವರ್ಡ್, ಬೇರೆ ಜಾಹೀರಾತು. ಗೂಗಲ್‌ನಲ್ಲಿ ಊರು ಆರಿಸುವ ಕಡೆ ಒಂದು ಸಣ್ಣ ಆಯ್ಕೆ ಅಡಗಿರುತ್ತದೆ. 'ಆ ಊರಲ್ಲಿ ಇರುವವರು ಅಥವಾ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರು' ಅಂತ ಅದು ತಾನಾಗಿಯೇ ಇರುತ್ತದೆ. ಅದನ್ನು 'ಇರುವವರು ಮಾತ್ರ' ಅಂತ ಬದಲಿಸಿ. ಇಲ್ಲವಾದರೆ ಬೆಂಗಳೂರಿನ ಬಗ್ಗೆ ಏನೋ ಓದುತ್ತಿರುವ ದೂರದ ಊರಿನವರೂ ನಿಮ್ಮ ಲೆಕ್ಕಕ್ಕೆ ಬರುತ್ತಾರೆ.

ಪುಟವನ್ನೂ ಬದಲಿಸಿದೆ. ಮೊದಲು ಜಾಹೀರಾತು ಒತ್ತಿದರೆ ವೆಬ್‌ಸೈಟಿನ ಮುಖಪುಟ ತೆರೆಯುತ್ತಿತ್ತು. ಅಲ್ಲಿ ನಾನು ಪ್ರೀತಿಯಿಂದ ಬರೆದ ಚಿಗವ್ವನ ಪರಿಚಯ, ಹಂಚಿನ ಫೋಟೊ ಎಲ್ಲ ಇತ್ತು. ಬೆಲೆ ಮಾತ್ರ ಮೂರನೇ ಪುಟದಲ್ಲಿ. ಈಗ ಖಡಕ್ ರೊಟ್ಟಿ ಹುಡುಕಿದವರಿಗೆ ನೇರ ಖಡಕ್ ರೊಟ್ಟಿಯ ಪುಟ: ಎಷ್ಟು ರೊಟ್ಟಿ, ಎಷ್ಟು ರೂಪಾಯಿ, ಎಷ್ಟು ದಿನಕ್ಕೆ ತಲುಪುತ್ತದೆ, ವಾಟ್ಸ್ಆ್ಯಪ್ ಗುಂಡಿ. ಅಷ್ಟೇ.

ಒಂದು ಕ್ಲಿಕ್ಕಿಗೆ ಎಷ್ಟು ಕೊಡಬಹುದು?

ಈ ಲೆಕ್ಕವನ್ನು ಮೊದಲೇ ಮಾಡಬೇಕಿತ್ತು. ನಾವು ಮಾಡಿದ್ದು ದುಡ್ಡು ಹೋದ ಮೇಲೆ.

ನಮ್ಮ ಒಂದು ಆರ್ಡರ್ ಸುಮಾರು 400 ರೂಪಾಯಿ. ಜೋಳ, ಗ್ಯಾಸ್, ಬಡಿದವರ ಕೂಲಿ, ಡಬ್ಬಿ, ಪಾರ್ಸೆಲ್ ಎಲ್ಲ ಕಳೆದರೆ ಉಳಿಯುವುದು 100. ಒತ್ತಿದ ನೂರು ಜನರಲ್ಲಿ ಹತ್ತು ಜನ ಕೊಂಡರೆ ಬರುವ ಲಾಭ 1,000. ಹಾಗಾದರೆ ನೂರು ಕ್ಲಿಕ್ಕಿಗೆ ಹೆಚ್ಚೆಂದರೆ 1,000 ರೂಪಾಯಿ, ಅಂದರೆ ಒಂದು ಕ್ಲಿಕ್ಕಿಗೆ 10 ರೂಪಾಯಿ ಕೊಡಬಹುದು. ಅದಕ್ಕಿಂತ ಮೇಲೆ ಹೋದರೆ ಕೈಯಿಂದ ಹೋಗುತ್ತದೆ. ಸೂತ್ರ ಇಷ್ಟೇ: ಒಂದು ಆರ್ಡರಿನ ಲಾಭವನ್ನು, ನೂರರಲ್ಲಿ ಎಷ್ಟು ಜನ ಕೊಳ್ಳುತ್ತಾರೋ ಅದರಿಂದ ಗುಣಿಸಿ, ನೂರರಿಂದ ಭಾಗಿಸಿ.

ಮೊದಲ ಸಲ 1,600 ಕ್ಲಿಕ್ಕಿಗೆ 9 ಆರ್ಡರ್. ನೂರಕ್ಕೆ ಒಂದೂ ಇಲ್ಲ. ಆ ಲೆಕ್ಕದಲ್ಲಿ ಒಂದು ಕ್ಲಿಕ್ಕಿನ ಯೋಗ್ಯತೆ ಸುಮಾರು 56 ಪೈಸೆ. ನಾವು ಕೊಟ್ಟಿದ್ದು ಆರೂಕಾಲು ರೂಪಾಯಿ. 100 ರೂಪಾಯಿ ಲಾಭದ ಒಂದು ಆರ್ಡರ್ ತರಲು 1,100 ರೂಪಾಯಿ ಸುಟ್ಟಿದ್ದೆವು.

ಹೊಸ ಪಟ್ಟಿಯೊಂದಿಗೆ ಮತ್ತೆ ಶುರು ಮಾಡಿದಾಗ ದುಡ್ಡು ಸಂಘದ್ದಲ್ಲ, ನನ್ನ ಸಂಬಳದ್ದು. ದಿನಕ್ಕೆ 150 ರೂಪಾಯಿ, ಗುರಿ 'ಹೆಚ್ಚು ಕ್ಲಿಕ್' ಅಲ್ಲ, ಕ್ಲಿಕ್ಕಿನ ಬೆಲೆಗೆ ನಮ್ಮದೇ ಮಿತಿ. ತಿಂಗಳಿಗೆ ತೆರಿಗೆ ಸೇರಿ 4,500 ಖರ್ಚಾಯಿತು. (ಜಾಹೀರಾತಿನ ಮೇಲೆ ಶೇ. 18 ಜಿಎಸ್‌ಟಿ ಇದೆ, ಲೆಕ್ಕ ಹಾಕುವಾಗ ಮರೆಯಬೇಡಿ.) ಕ್ಲಿಕ್ ಬಂದದ್ದು 500 ಮಾತ್ರ, ಒಂದಕ್ಕೆ 9 ರೂಪಾಯಿ. ಮೊದಲಿಗಿಂತ ದುಬಾರಿ! ಆದರೆ ಆರ್ಡರ್ 45. ಹಾಕಿದ್ದು 4,500, ಬಂದ ಲಾಭ 4,500. ಸರಿಗೆ ಸರಿ. ಅದರ ಮುಂದಿನ ತಿಂಗಳು ಅಷ್ಟೇ ಖರ್ಚಿಗೆ, ಅಷ್ಟೇ ಕ್ಲಿಕ್ಕಿಗೆ 60 ಆರ್ಡರ್. 1,500 ರೂಪಾಯಿ ಉಳಿಯಿತು.

ಇದು ದೊಡ್ಡ ದುಡ್ಡಲ್ಲ, ನನಗೆ ಗೊತ್ತು. ಆದರೆ ಎರಡು ಮಾತು ಕಲಿಸಿತು. ಅಗ್ಗದ ಕ್ಲಿಕ್ ಅಂದರೆ ಲಾಭದ ಕ್ಲಿಕ್ ಅಲ್ಲ. ಕೊಳ್ಳುವ ಮನಸ್ಸಿನವರ ಮಾತಿಗೆ ಸವಾಲು ಕೂಗುವವರು ಹೆಚ್ಚಿರಬಹುದು, ಬೆಲೆ ಏರಬಹುದು, ಆದರೂ ಅದೇ ಸೋವಿ ಬೀಳುತ್ತದೆ. ಇನ್ನೊಂದು, ಮೊದಲ ಆರ್ಡರಿನಲ್ಲೇ ಎಲ್ಲ ಲಾಭ ಹುಡುಕಬಾರದು. ಒಮ್ಮೆ ತಿಂದವರು ಮತ್ತೆ ಬರುತ್ತಾರೆ. ಅದಕ್ಕೇ ಈಗ ಪ್ರತಿ ಡಬ್ಬಿಯೊಳಗೆ ಚಿಗವ್ವನ ಫೋನ್ ನಂಬರ್ ಬರೆದ ಚೀಟಿ ಇರುತ್ತದೆ. ಎರಡನೇ ಸಲ ಅವರು ಗೂಗಲ್‌ನಲ್ಲಿ ಹುಡುಕಿ ಜಾಹೀರಾತು ಒತ್ತುವ ಬದಲು ನೇರ ಫೋನ್ ಮಾಡಿದರೆ ನಮ್ಮ 9 ರೂಪಾಯಿ ಉಳಿಯಿತು.

ನೀವು ಶುರು ಮಾಡುವುದಾದರೆ

- ಮೊದಲು ಲಾಭ ಲೆಕ್ಕ ಹಾಕಿ, ಆಮೇಲೆ ಜಾಹೀರಾತು. ಒಂದು ಆರ್ಡರಿನಲ್ಲಿ ನಿಮಗೆ ಉಳಿಯುವುದು 20 ರೂಪಾಯಿ ಆದರೆ ಈ ದಾರಿ ನಿಮಗೆ ಅಲ್ಲ.
- ನಿಮ್ಮ ಗಿರಾಕಿಗಳ ಹತ್ತು ಫೋನ್ ಕರೆಯಲ್ಲಿ ಅವರು ಬಳಸಿದ ಪದಗಳನ್ನು ಹಾಗೇ ಬರೆದುಕೊಳ್ಳಿ. ಗೂಗಲ್‌ನದೇ 'ಕೀವರ್ಡ್ ಪ್ಲ್ಯಾನರ್' ಇದೆ, ಯಾವ ಮಾತನ್ನು ಸುಮಾರು ಎಷ್ಟು ಜನ ಹುಡುಕುತ್ತಾರೆ ಅಂತ ಅದು ಹೇಳುತ್ತದೆ. ಆದರೆ ಶುರು ನಿಮ್ಮ ವಹಿಯಿಂದಲೇ ಆಗಲಿ.
- ಹತ್ತಾರು ಕೀವರ್ಡ್ ಬೇಡ. ಕೊಳ್ಳುವ ಮಾತುಗಳು ಎಂಟೋ ಹತ್ತೋ ಸಾಕು, ಫ್ರೇಸ್ ಅಥವಾ ಎಕ್ಸಾಕ್ಟ್ ಮ್ಯಾಚ್‌ನಲ್ಲಿ.
- ದಿನದ ಬಜೆಟ್ ಸಣ್ಣದಿರಲಿ. ಒಂದೊಂದು ದಿನ ಅದರ ಎರಡರಷ್ಟು ಖರ್ಚಾಗಬಹುದು, ಗಾಬರಿ ಬೇಡ. ತಿಂಗಳ ಒಟ್ಟು ಮಿತಿಯನ್ನು ಅದು ದಾಟುವುದಿಲ್ಲ.
- ಆರ್ಡರ್ ಎಲ್ಲಿಂದ ಬಂತು ಅಂತ ಎಣಿಸುವ ಏರ್ಪಾಡು ಮೊದಲ ದಿನದಿಂದಲೇ ಇರಲಿ. ವೆಬ್‌ಸೈಟಿನಲ್ಲಿ 'ಕನ್ವರ್ಷನ್' ಎಣಿಸುವ ಸೌಲಭ್ಯ ಇದೆ. ಅದು ಬರದಿದ್ದರೆ ವಹಿಯಲ್ಲಿ ಒಂದು ಕಾಲಂ ಎಳೆದು "ನಮ್ಮ ನಂಬರ್ ಎಲ್ಲಿ ಸಿಕ್ಕತು ರೀ?" ಅಂತ ಕೇಳಿ ಬರೆದುಕೊಳ್ಳಿ.
- ಮೊದಲ ತಿಂಗಳು ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಸರ್ಚ್ ಟರ್ಮ್ಸ್ ವರದಿ ನೋಡಿ. ಬೇಡದ್ದನ್ನು ನೆಗೆಟಿವ್ ಪಟ್ಟಿಗೆ ಹಾಕಿ, ಹೊಸ ಒಳ್ಳೆಯ ಮಾತು ಕಂಡರೆ ಕೀವರ್ಡಿಗೆ ಸೇರಿಸಿ.
- ಎಲ್ಲ ಗಿರಾಕಿಯೂ ಗೂಗಲ್‌ನಿಂದ ಬರಬೇಕಿಲ್ಲ. ಚಿಗವ್ವನ ಮದುವೆ, ಕುಬಸದ ಆರ್ಡರ್ ಇವತ್ತಿಗೂ ಬಾಯಿಂದ ಬಾಯಿಗೆ ಬರುತ್ತವೆ. ಅದಕ್ಕೆ ಜಾಹೀರಾತು ಕೊಟ್ಟು ದುಡ್ಡು ಕಳೆಯಲಿಲ್ಲ.

ಕಳೆದ ಆಷಾಢದಲ್ಲಿ ಚಿಗವ್ವನ ಮನೆಗೆ ಹೋದಾಗ ಹಂಚು ಬಿಸಿಯಾಗಿತ್ತು. ನಾಲ್ಕು ಜನ ಬಡಿಯುತ್ತಿದ್ದರು. ಆರು ಜನಕ್ಕೂ ಪೂರ್ತಿ ಕೆಲಸ ಅಂತ ಹೇಳಲಾರೆ, ಸರದಿ ಹಚ್ಚಿಕೊಂಡು ಬರುತ್ತಿದ್ದರು. ಆದರೆ ಒಲೆ ತಣ್ಣಗಿರಲಿಲ್ಲ. ನಾನು ಸಂಘಕ್ಕೆ ಕೊಡಬೇಕಾದ 10,000ದಲ್ಲಿ ಕೊನೆಯ ಕಂತು ಕೈಗಿಟ್ಟೆ. ಚಿಗವ್ವ ಬೇಡ ಅನ್ನಲಿಲ್ಲ, ಎಣಿಸಿ ಡಬ್ಬಿಗೆ ಹಾಕಿದಳು. ಅದು ಅವಳೊಬ್ಬಳ ದುಡ್ಡಲ್ಲವಲ್ಲ.

ಆಮೇಲೆ ಬಿಸಿ ರೊಟ್ಟಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಗುರೆಳ್ಳು ಚಟ್ನಿ ಹಾಕಿ ತಾಟು ನನ್ನ ಮುಂದೆ ಇಟ್ಟಳು. ಫೋನ್ ಬಂತು. ಒಂದು ಕೈಯಲ್ಲಿ ಹಿಟ್ಟು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಮಾತಾಡಿದಳು. "ಹೌದ್ರೀ... ಹುಚ್ಚೆಳ್ಳು ಚಟ್ನಿಪುಡಿ ಐತ್ರೀ. ಕಾಲು ಕಿಲೋ ಬರಕೊಳ್ಳಲ್ರೀ?"

ನಾನು ತಲೆ ಎತ್ತಿ ನೋಡಿದೆ. ಗುರೆಳ್ಳು ಅಂತ ಅಪ್ಪಿತಪ್ಪಿಯೂ ಅನ್ನಲಿಲ್ಲ ಅವಳು.